ಕ್ಯಾಲಿಪರ್ ಹಿಡಿದುಕೊಂಡಿದೆ: ಕಿಟ್ ಸಾಕೇ, ಹೊಸದೇ ಬೇಕೇ?

ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಧೂಳು. ಗಂಗಾವತಿ, ಸಿಂಧನೂರು ಕಡೆ ಗದ್ದೆ ದಾರಿಯ ಎರೆ ಮಣ್ಣು. ಶಕ್ತಿನಗರದ ಸುತ್ತ ಹಾರುಬೂದಿ. ಇಂಥ ದಾರಿಯಲ್ಲಿ ಓಡಾಡುವ ಕಾರಿನ ಬ್ರೇಕ್ ಕ್ಯಾಲಿಪರ್, ಅಂದರೆ ಪಿಸ್ಟನ್ ಬಲದಿಂದ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಅದುಮುವ ಭಾಗ, ಕೆಡುವ ರೀತಿಯೇ ಬೇರೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ಎರಕದ ಬಾಡಿಗೇ ತುಕ್ಕು ಹತ್ತುತ್ತದೆ. ನಮ್ಮ ಒಣ ಸೀಮೆಯಲ್ಲಿ ಬಾಡಿ ಗಟ್ಟಿಯಾಗಿಯೇ ಇರುತ್ತದೆ. ಧೂಳು ತಡೆಯುವ ರಬ್ಬರ್ ಹೊದಿಕೆ, ಅಂದರೆ ಬೂಟ್, ಹರಿದು, ಧೂಳು ಒಳಗೆ ಹೊಕ್ಕು, ಕ್ಯಾಲಿಪರ್ ಜಾರುವ ಪಿನ್ ಅಥವಾ ಪಿಸ್ಟನ್ ಹಿಡಿದುಕೊಳ್ಳುವುದೇ ಹೆಚ್ಚು. ಆದ್ದರಿಂದ ‘ಕ್ಯಾಲಿಪರ್ ಹೋಗಿದೆ, ಹೊಸದು ತರಿಸಿ’ ಎಂದ ಕೂಡಲೇ ತಲೆಯಾಡಿಸಬೇಡಿ. ಬಿಚ್ಚಿ ನೋಡದೆ ಆ ಮಾತು ಹೇಳಲು ಯಾರಿಗೂ ಸಾಧ್ಯವಿಲ್ಲ.

ಇಲ್ಲಿ ಹೇಳುತ್ತಿರುವುದು ಮುಂದಿನ ಚಕ್ರದ ಒಂಟಿ ಪಿಸ್ಟನ್ ಕ್ಯಾಲಿಪರ್ ಬಗ್ಗೆ. ನಮ್ಮ ರಸ್ತೆಯ ಬಹುಪಾಲು ಸಣ್ಣ ಕಾರುಗಳಲ್ಲಿ ಇರುವುದು ಅದೇ. ಹಿಂದೆ ಡ್ರಮ್ ಇದ್ದರೆ ಅದರ ಕೆಲಸವೇ ಬೇರೆ. ಹಿಂದೆಯೂ ಡಿಸ್ಕ್ ಇದ್ದು, ಹ್ಯಾಂಡ್ ಬ್ರೇಕ್ ಕೇಬಲ್ ನೇರ ಕ್ಯಾಲಿಪರ್‌ಗೇ ಬಂದಿದ್ದರೆ ಅದರ ಪಿಸ್ಟನ್ ಒಳಗೆ ಸ್ಕ್ರೂ ವ್ಯವಸ್ಥೆ ಇರುತ್ತದೆ. ಅದನ್ನು ಒತ್ತಿದರೆ ಒಳಗೆ ಹೋಗದು, ತಿರುಗಿಸಿಯೇ ಕಳಿಸಬೇಕು. ಒಳಗಿನ ವ್ಯವಸ್ಥೆ ಸವೆದಿದ್ದರೆ ರಬ್ಬರ್ ಸೀಲ್, ಬೂಟ್‌ಗಳ ಕಿಟ್ ಹಾಕಿ ಒದ್ದಾಡುವುದಕ್ಕಿಂತ ಇಡೀ ಕ್ಯಾಲಿಪರ್ ಬದಲಿಸುವುದೇ ಲೇಸು.

ಮೊದಲು ರೋಗ ಯಾವುದು ನೋಡಿ

ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆದರೆ, ಎಳೆದ ಕಡೆಯ ಬ್ರೇಕ್ ಕೆಲಸ ಮಾಡುತ್ತಿದೆ, ಇನ್ನೊಂದು ಕಡೆಯದು ಸೋತಿದೆ ಎಂದರ್ಥ. ಬ್ರೇಕ್ ಒತ್ತದಿದ್ದರೂ ಎಳೆಯುತ್ತಿದ್ದರೆ ತಿರುವುಮುರುವು: ಎಳೆದ ಕಡೆಯ ಕ್ಯಾಲಿಪರ್ ಬಿಡದೆ ಹಿಡಿದುಕೊಂಡಿದೆ. ಊರಾಚೆ ಹತ್ತು ಕಿಲೋಮೀಟರ್ ಆದಷ್ಟು ಬ್ರೇಕ್ ಬಳಸದೆ ಓಡಿಸಿ, ನಿಲ್ಲಿಸಿ, ಎರಡೂ ಡಿಸ್ಕ್‌ಗಳ ಬಿಸಿಯನ್ನು ಇನ್‌ಫ್ರಾರೆಡ್ ಗನ್‌ನಿಂದ ಅಳೆಯಿರಿ. ಬೇಸಿಗೆಯಲ್ಲಿ ರಸ್ತೆಯೇ ಕಾದಿರುತ್ತದೆ, ಹಾಗಾಗಿ ಅಂಕಿಗಿಂತ ಎಡ-ಬಲದ ಅಂತರ ಮುಖ್ಯ. 30–40 ಡಿಗ್ರಿ ವ್ಯತ್ಯಾಸ ಕಂಡರೆ ಬಿಸಿಯಾದ ಕಡೆ ಏನೋ ಅಂಟಿಕೊಂಡಿದೆ. ಗನ್ ಇಲ್ಲದಿದ್ದರೆ ಅಂಗೈಯನ್ನು ಚಕ್ರದ ಹತ್ತಿರ ಹಿಡಿದರೂ ಗೊತ್ತಾಗುತ್ತದೆ, ಡಿಸ್ಕ್ ಮುಟ್ಟಬೇಡಿ.

ಈಗ ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ. ಗಾಡಿ ಎತ್ತಿ, ಹಿಡಿದುಕೊಂಡ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗುವುದಿಲ್ಲ ಎಂದಾದರೆ ಕ್ಯಾಲಿಪರ್‌ನಿಂದ ಗಾಳಿ, ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ. ಒಂದಿಷ್ಟು ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ತಪ್ಪು ಕ್ಯಾಲಿಪರ್‌ನದ್ದಲ್ಲ. ಒಳಗೆ ಊದಿಕೊಂಡ ರಬ್ಬರ್ ಹೋಸ್ ಅಥವಾ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒತ್ತಡವನ್ನು ವಾಪಸ್ ಬಿಡುತ್ತಿಲ್ಲ. ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಕಿತ್ತು ಕವಾಟದಂತೆ ಅಡ್ಡ ನಿಲ್ಲಬಹುದು. ನಿಪ್ಪಲ್ ಬಿಟ್ಟರೂ ಚಕ್ರ ಬಿಗಿಯಾಗೇ ಇದ್ದರೆ ಮಾತ್ರ ಕ್ಯಾಲಿಪರ್ ಬಿಚ್ಚುವ ಕೆಲಸಕ್ಕೆ ಅರ್ಥ ಇದೆ.

ಪ್ಯಾಡ್ ಸವೆತವೂ ಸುಳಿವು ಕೊಡುತ್ತದೆ. ಒಳಗಿನ ಪ್ಯಾಡ್ ತೀರಾ ಸವೆದು ಹೊರಗಿನದು ದಪ್ಪಗೇ ಇದ್ದರೆ ಸ್ಲೈಡ್ ಪಿನ್ ಹಿಡಿದಿದೆ. ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಎರಡು ಪಿನ್‌ನಲ್ಲಿ ಒಂದು ಹಿಡಿದಿರುವ ಸಾಧ್ಯತೆ ಹೆಚ್ಚು. ಎರಡೂ ಪ್ಯಾಡ್ ಸಮನಾಗಿ, ಆದರೆ ಇನ್ನೊಂದು ಚಕ್ರಕ್ಕಿಂತ ಬೇಗ ಸವೆದಿದ್ದರೆ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ.

ಪಿನ್ ಕೆಲಸ: ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತದೆ

ಗಾಡಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಕಲ್ಲಿಗೆ ನಮ್ಮಲ್ಲಿ ಬರವಿಲ್ಲ, ಆದರೆ ಚಪ್ಪಡಿ ಕಲ್ಲು ಒಮ್ಮೆಗೇ ಸೀಳುತ್ತದೆ. ಕಲ್ಲನ್ನು ಹಿಂದಿನ ಚಕ್ರಕ್ಕೆ ಅಡ್ಡ ಇಡಲು ಮಾತ್ರ ಬಳಸಿ. ಕ್ಯಾಲಿಪರ್ ಬೋಲ್ಟ್ ಬಿಚ್ಚಿದ ಮೇಲೆ ಅದನ್ನು ಹೋಸ್‌ನಲ್ಲಿ ಜೋತುಬಿಡದೆ ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ.

ಪಿನ್ ಎರಡು ಬೆರಳಲ್ಲಿ ಸಲೀಸಾಗಿ ಒಳಗೆ ಹೊರಗೆ ಆಡಬೇಕು. ಮೇಲಿನ ಪಿನ್, ಕೆಳಗಿನ ಪಿನ್ ಎಷ್ಟೋ ಗಾಡಿಗಳಲ್ಲಿ ಒಂದೇ ಥರ ಇರುವುದಿಲ್ಲ. ಒಂದರ ತುದಿಗೆ ರಬ್ಬರ್ ತೋಳು ಇರುತ್ತದೆ. ಅದಲುಬದಲಾದರೆ ಅಲ್ಲಿಂದಲೇ ಮತ್ತೆ ಜಾಮ್. ಹಳೆ ಗ್ರೀಸ್ ಧೂಳಿನ ಜೊತೆ ಸೇರಿ ಕೆಂಪು ಅರೆಯುವ ಪೇಸ್ಟ್ ಆಗಿರುತ್ತದೆ. ಪಿನ್ ಕೂರುವ ತೂತನ್ನೂ ಕಡ್ಡಿಗೆ ಬಟ್ಟೆ ಸುತ್ತಿ ಪೂರ್ತಿ ಒರೆಸಿ ತೆಗೆಯಿರಿ. ಪಿನ್ ಮೇಲೆ ಗೀರು, ಸವೆತದ ಮೆಟ್ಟಿಲು ಕಂಡರೆ ಹೊಸ ಪಿನ್ ಹಾಕಿ. ಬೂಟ್‌ಗಳನ್ನಂತೂ ಹೇಗಿದ್ದರೂ ಬದಲಿಸಿ. ಹರಿದ ಬೂಟ್ ಬಿಟ್ಟು ಗ್ರೀಸ್ ಮಾತ್ರ ಹಾಕಿದರೆ ಒಂದು ಮಳೆಗಾಲ ದಾಟುವುದಿಲ್ಲ.

ಗ್ರೀಸ್ ಯಾವುದು ಎನ್ನುವುದರಲ್ಲೇ ಹೆಚ್ಚು ಗ್ಯಾರೇಜ್‌ಗಳು ಎಡವುತ್ತವೆ. ಬೇರಿಂಗ್‌ಗೆ, ಚಾಸಿಗೆ ಹಾಕುವ ಡಬ್ಬಿಯ ಗ್ರೀಸ್ ಪೆಟ್ರೋಲಿಯಂ ಮೂಲದ್ದು. ಅದು ತಾಗಿದ ಬ್ರೇಕ್ ರಬ್ಬರ್ ಉಬ್ಬಿ, ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ಪಿನ್‌ಗೆ ಸಿಲಿಕೋನ್ ಬ್ರೇಕ್ ಗ್ರೀಸ್ ಬೇಕು, ಅದೂ ತೆಳುವಾಗಿ. ತೂತು ತುಂಬುವಷ್ಟು ಹಾಕಿದರೆ ಒಳಗಿನ ಗಾಳಿ ಹೊರಬರಲು ಜಾಗವಿಲ್ಲದೆ ಪಿನ್ ಪುಟಿದು ಹೊರಬರುತ್ತದೆ. ಪಿನ್ ಒಳಗೆ ತಳ್ಳುವಾಗ ಬೂಟ್ ತುಟಿಯನ್ನು ಚಿವುಟಿ ಗಾಳಿ ಬಿಡಿ.

ಪಿಸ್ಟನ್ ಹೊರಗೆ ತೆಗೆಯುವುದು

ಪಿನ್ ಸರಿಯಿದ್ದೂ ಚಕ್ರ ಹಿಡಿಯುತ್ತಿದ್ದರೆ ಪಿಸ್ಟನ್ ತೆಗೆಯಲೇಬೇಕು. ಹೋಸ್ ಬಿಚ್ಚುವ ಮುಂಚೆಯೇ ಬ್ರೇಕ್ ಪೆಡಲ್ ಒತ್ತಿ ಪಿಸ್ಟನ್ ಅನ್ನು ಮುಕ್ಕಾಲು ಭಾಗ ಹೊರಗೆ ತರುವುದು ಎಲ್ಲಕ್ಕಿಂತ ಸುರಕ್ಷಿತ. ಹಳೆ ಗಾಡಿಯಾದರೆ ಪೆಡಲ್ ಕೆಳಗೆ ಮರದ ತುಂಡಿಟ್ಟು ಪೂರ್ತಿ ತಳ ಮುಟ್ಟದಂತೆ ನೋಡಿಕೊಳ್ಳಿ. ಎಂದೂ ಓಡಾಡದ ಜಾಗಕ್ಕೆ ಮಾಸ್ಟರ್ ಸಿಲಿಂಡರ್‌ನ ಸೀಲ್ ಹೋದರೆ ಅಲ್ಲಿಯ ಕಿಲುಬಿಗೆ ಅದೂ ಹರಿಯುತ್ತದೆ. ಕಂಪ್ರೆಸರ್ ಗಾಳಿಯಿಂದ ತೆಗೆಯುವುದಾದರೆ ಪಿಸ್ಟನ್ ಎದುರಿಗೆ ಮರದ ಹಲಗೆ ಇಟ್ಟು, ಅತಿ ಕಡಿಮೆ ಒತ್ತಡದಿಂದ ಶುರುಮಾಡಿ. ಪಂಕ್ಚರ್ ಅಂಗಡಿಯ ಪೂರ್ತಿ ಒತ್ತಡ ಒಮ್ಮೆಗೇ ಬಿಟ್ಟರೆ ಪಿಸ್ಟನ್ ಗುಂಡಿನಂತೆ ಹಾರುತ್ತದೆ, ಎದುರಿಗೆ ಬೆರಳಿದ್ದರೆ ಉಳಿಯುವುದಿಲ್ಲ.

ಕ್ಯಾಲಿಪರ್ ಒಳಗೆ ಚೌಕಾಕಾರದ ಅಂಚಿನ ಒಂದು ಸೀಲ್ ಇದೆ. ಆಯಿಲ್ ಸೋರದಂತೆ ತಡೆಯುವುದರ ಜೊತೆಗೆ ಪಿಸ್ಟನ್ ಅನ್ನು ಹಿಂದಕ್ಕೆ ಎಳೆಯುವುದೂ ಅದೇ. ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆ ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ ಅನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಸೀಲ್ ಗಟ್ಟಿಯಾದರೆ ಅಥವಾ ಅದು ಕೂರುವ ಕಾಲುವೆಯಲ್ಲಿ ತುಕ್ಕು ಕಟ್ಟಿದರೆ ಹಿಂದೆಳೆಯುವ ಶಕ್ತಿ ಹೋಗಿ ಪ್ಯಾಡ್ ಡಿಸ್ಕ್‌ಗೆ ಅಂಟಿಕೊಂಡೇ ಇರುತ್ತದೆ. ಸೋರಿಕೆ ಇಲ್ಲವಲ್ಲ, ಸೀಲ್ ಚೆನ್ನಾಗಿದೆ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ.

ಈಗ ತೀರ್ಮಾನ. ಪಿಸ್ಟನ್ ಅನ್ನು ಒರೆಸಿ ಬಿಸಿಲಿಗೆ ಹಿಡಿದು ಉಗುರು ಎಳೆಯಿರಿ. ಬಣ್ಣ ಮಾಸಿದ್ದರೆ ಚಿಂತೆಯಿಲ್ಲ. ಸೀಲ್ ಉಜ್ಜುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವ ಗುಳಿ ಇದ್ದರೆ, ಕ್ರೋಮ್ ಎದ್ದಿದ್ದರೆ ಆ ಪಿಸ್ಟನ್ ಮುಗಿಯಿತು. ಅದನ್ನು ಎಮರಿ ಪೇಪರ್‌ನಿಂದ ಉಜ್ಜಿ ಹೊಳೆಯಿಸುವವರಿದ್ದಾರೆ. ಉಳಿದ ಕ್ರೋಮ್ ಕೂಡ ಹೋಗಿ ತಿಂಗಳೊಪ್ಪತ್ತಿನಲ್ಲಿ ತುಕ್ಕು ವಾಪಸ್ ಬರುತ್ತದೆ. ಹೊರ ಅಂಚಿನಲ್ಲಿ ಮಾತ್ರ ತುಕ್ಕಿದೆ, ಸೀಲ್‌ಗೆ ತಾಗುವುದಿಲ್ಲ ಎಂದೂ ಸಮಾಧಾನ ಪಡಬೇಡಿ. ಪ್ಯಾಡ್ ಸವೆದಾಗ ಪಿಸ್ಟನ್ ಹೊರಗಿರುತ್ತದೆ, ಹೊಸ ಪ್ಯಾಡ್ ಹಾಕಿದಾಗ ಅದೇ ತುಕ್ಕಿನ ಭಾಗ ಸೀಲ್ ಒಳಗೆ ಹೋಗುತ್ತದೆ. ‘ಹೊಸ ಪ್ಯಾಡ್ ಹಾಕಿಸಿದ ಮೇಲೆಯೇ ಬ್ರೇಕ್ ಹಿಡಿಯತೊಡಗಿತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಪಿಸ್ಟನ್ ಕೂರುವ ಬೋರ್‌ನಲ್ಲಿ ತೆಳು ಕಲೆ ಇದ್ದರೆ 600 ನಂಬರಿನ ವಾಟರ್ ಪೇಪರ್‌ಗೆ ಬ್ರೇಕ್ ಆಯಿಲ್ ಹಚ್ಚಿ ಸುತ್ತಲೂ ಉಜ್ಜಿ ತೆಗೆಯಬಹುದು. ಇಲ್ಲಿ ಸೀಲ್ ಕೂರುವುದು ಬೋರ್‌ನ ಕಾಲುವೆಯಲ್ಲಿ, ಜಾರುವುದು ಪಿಸ್ಟನ್ ಮೇಲೆ. ಆದ್ದರಿಂದ ಬೋರ್‌ನ ಸಣ್ಣ ಗೀರಿಗೆ ಅಂಜಬೇಕಿಲ್ಲ. ಆದರೆ ಕಾಲುವೆಯಲ್ಲೇ ಗುಳಿ ಬಿದ್ದಿದ್ದರೆ, ಬಾಡಿ ಬಿರುಕು ಬಿಟ್ಟಿದ್ದರೆ, ಬ್ಲೀಡರ್ ನಿಪ್ಪಲ್ ಮುರಿದು ಒಳಗೇ ಉಳಿದಿದ್ದರೆ ಹೊಸ ಕ್ಯಾಲಿಪರ್ ತರಿಸಿ. ಲೇತ್‌ನಲ್ಲಿ ಬೋರ್ ಕೊರೆಸುವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಪಿಸ್ಟನ್ ಒಂದೇ ಹೋಗಿದ್ದರೆ, ಬಿಡಿಯಾಗಿ ಸಿಗುವುದಾದರೆ, ಪಿಸ್ಟನ್ ಜೊತೆ ಕಿಟ್ ಸಾಕು. ಸಿಗದಿದ್ದರೆ, ಅಥವಾ ಕಿಟ್, ಪಿಸ್ಟನ್, ಕೂಲಿ ಸೇರಿ ಹೊಸದರ ಅರ್ಧ ಬೆಲೆ ದಾಟಿದರೆ, ಹೊಸದೇ ಸರಿ.

ಕೂಡಿಸುವಾಗ

ಬೇಕಾದದ್ದು: ಪ್ರತಿ ಕ್ಯಾಲಿಪರ್‌ಗೆ ಸೀಲ್, ಡಸ್ಟ್ ಬೂಟ್, ಪಿನ್ ಬೂಟ್ ಇರುವ ಕಿಟ್ ಒಂದು, ಹೋಸ್ ಅನ್ನು ಕ್ಯಾಲಿಪರ್‌ಗೆ ಹಿಡಿದಿಡುವ ಬ್ಯಾಂಜೋ ಬೋಲ್ಟ್‌ಗೆ ಹೊಸ ತಾಮ್ರದ ವಾಷರ್ ಎರಡು, ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯ ಬ್ರೇಕ್ ಆಯಿಲ್ ಒಂದು ಲೀಟರ್, ಬ್ರೇಕ್ ಕ್ಲೀನರ್ ಸ್ಪ್ರೇ. ಕಿಟ್ ಎರಡೂ ಕಡೆ ಹಾಕಿ. ಒಂದು ಕಡೆಯ ಬೂಟ್ ಸತ್ತಿದ್ದರೆ ಅದೇ ಧೂಳು ತಿಂದ ಇನ್ನೊಂದರದ್ದೂ ದೂರವಿಲ್ಲ.

ಬಿಡಿಭಾಗಗಳನ್ನು ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವುದು ನಮ್ಮ ಕಡೆಯ ಹಳೇ ರೂಢಿ. ಇಂಜಿನ್‌ಗೆ ಸರಿ, ಬ್ರೇಕ್‌ಗೆ ವಿಷ. ಒಂದು ತೊಟ್ಟು ಉಳಿದರೂ ಸೀಲ್ ಉಬ್ಬುತ್ತದೆ. ಸೀಲ್ ಕಾಲುವೆಯನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯದೆ ಮರ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಹೊಸ ಸೀಲನ್ನು ತಾಜಾ ಬ್ರೇಕ್ ಆಯಿಲ್‌ನಲ್ಲಿ ಅದ್ದಿ ಕೂರಿಸಿ, ತಿರುಚಿಲ್ಲವೆಂದು ಬೆರಳಾಡಿಸಿ ಖಾತ್ರಿಮಾಡಿಕೊಳ್ಳಿ. ಪಿಸ್ಟನ್ ಕೈಯ ಒತ್ತಡಕ್ಕೇ ನೆಟ್ಟಗೆ ಇಳಿಯಬೇಕು. ಸುತ್ತಿಗೆ ಬೇಕೆನ್ನಿಸಿದರೆ ಓರೆಯಾಗಿದೆ ಎಂದೇ ಅರ್ಥ, ತೆಗೆದು ಮತ್ತೆ ಹಾಕಿ.

ಬಿಗಿತದ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನದ್ದೇ ಆಗಬೇಕು. ಅಂದಾಜಿಗೆ, ಸಣ್ಣ ಕಾರುಗಳಲ್ಲಿ ಪಿನ್ ಬೋಲ್ಟ್ 25–35 ನ್ಯೂಟನ್ ಮೀಟರ್, ಕ್ಯಾಲಿಪರ್ ಕೂರುವ ಬ್ರ್ಯಾಕೆಟ್‌ನ ಬೋಲ್ಟ್ 80–110, ಬ್ಲೀಡರ್ ನಿಪ್ಪಲ್ ಹತ್ತರ ಒಳಗೆ. ನಿಪ್ಪಲ್ ಮುರಿಯುವುದು ಉದ್ದ ಪಾನಾ ಹಾಕಿ ಬಲ ಬಿಟ್ಟಾಗಲೇ.

ಹೊಸ ಕ್ಯಾಲಿಪರ್ ಹಾಕುವವರು ಒಂದು ನೋಡಿಕೊಳ್ಳಿ: ಬ್ಲೀಡರ್ ನಿಪ್ಪಲ್ ಮೇಲ್ಗಡೆ ಇರಬೇಕು. ಎಡದ್ದು ಬಲಕ್ಕೆ ಹಾಕಿದರೂ ಎಷ್ಟೋ ಗಾಡಿಗಳಲ್ಲಿ ಬೋಲ್ಟ್ ಕೂರುತ್ತದೆ, ಆದರೆ ನಿಪ್ಪಲ್ ಕೆಳಗೆ ಬಂದು ಗಾಳಿ ಎಂದಿಗೂ ಹೊರಬರುವುದಿಲ್ಲ. ಎಷ್ಟು ಬ್ಲೀಡ್ ಮಾಡಿದರೂ (ನಿಪ್ಪಲ್ ಬಿಟ್ಟು ಗಾಳಿ ತೆಗೆದರೂ) ಪೆಡಲ್ ಮೆತ್ತಗೇ.

ಬ್ಲೀಡ್ ಮಾಡುವಾಗ ಡಬ್ಬಿ ಖಾಲಿಯಾಗಲು ಬಿಡಬೇಡಿ. ಗುಳ್ಳೆ ನಿಂತು, ಬಣ್ಣ ತಿಳಿಯಾಗುವವರೆಗೂ ಹರಿಸಿ. ಗಾಡಿಯ ಬಣ್ಣದ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಏಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯದು, ನೀರು ಹೀರಿದ ಮೇಲೆ ಆ ಮಟ್ಟ 155ರ ಸುತ್ತ ಬರುತ್ತದೆ. ಸಂಡೂರಿನ ಇಳಿಜಾರಿನಲ್ಲಿ ಪೆಡಲ್ ಕುಸಿಯಲು ಬೇಕಾದದ್ದು ಈ ಹಳೇ ಆಯಿಲ್ ಮತ್ತು ಹಿಡಿದುಕೊಂಡ ಒಂದು ಪ್ಯಾಡ್, ಅಷ್ಟೇ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಇಂಜಿನ್ ಚಾಲೂ ಮಾಡಿ ಗಾಡಿ ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೂ ಒತ್ತಿ, ಮೊದಲ ಒತ್ತಿಗೆ ಅದು ತಳ ಮುಟ್ಟುತ್ತದೆ. ಹೊಸ ಪ್ಯಾಡ್ ಹಾಕಿದ್ದರೆ ಖಾಲಿ ರಸ್ತೆಯಲ್ಲಿ ವೇಗವನ್ನು 60ರಿಂದ 15ಕ್ಕೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ, ನಡುವೆ ಆರಲು ಬಿಟ್ಟು ಇಳಿಸಿ. ಆಮೇಲೆ ಅದೇ ಹತ್ತು ಕಿಲೋಮೀಟರ್ ಬಿಸಿ ಪರೀಕ್ಷೆ ಮತ್ತೆ ಮಾಡಿ. ಮರುದಿನ ಬೆಳಗ್ಗೆ ಬ್ಯಾಂಜೋ ಬೋಲ್ಟ್, ನಿಪ್ಪಲ್ ಸುತ್ತ ಒಣ ಬಟ್ಟೆ ಒತ್ತಿ ನೋಡಿ, ಒದ್ದೆಯಾದರೆ ವಾಷರ್ ಸರಿಯಾಗಿ ಕೂತಿಲ್ಲ. ಬಾಟಲಿಯಲ್ಲಿ ಉಳಿದ ಆಯಿಲ್ ಮುಂದಿನ ಸಲಕ್ಕೆಂದು ಎತ್ತಿಡಬೇಡಿ, ಮುಚ್ಚಳ ತೆರೆದ ಮೇಲೆ ಅದು ಗಾಳಿಯ ತೇವ ಹೀರುತ್ತಲೇ ಇರುತ್ತದೆ.