ಮ್ಯಾನೇಜರ್‌ಗೆ ಆಟಗಾರರ ವ್ಯಾಪಾರ ಗೊತ್ತುಂಟಾ? ನಾನು ಲೆಕ್ಕ ಹಾಕುವ ಬಗೆ

ಬದಿಯಡ್ಕದ ಒಂದು ಅಡಿಕೆ ಅಂಗಡಿಯಲ್ಲಿ ನನಗೆ ಕೆಲಸ. ಹಗಲು ಅಡಿಕೆ, ರಾತ್ರಿ ಫುಟ್‌ಬಾಲ್. ಮೊನ್ನೆ ತಂಗಿಯ ಮಗ ಕೇಳಿದ, "ಮಾವಾ, ಆಟಗಾರರನ್ನು ಕೊಳ್ಳುವುದರಲ್ಲಿ ಫರ್ಗುಸನ್ ಜೋರಾ, ವೆಂಗರ್ ಜೋರಾ?" ಇಬ್ಬರೂ ಇಂಗ್ಲೆಂಡಿನ ಕ್ಲಬ್ಬುಗಳ ಹಳೆಯ ಮ್ಯಾನೇಜರ್‌ಗಳು, ಅಂದರೆ ತಂಡ ಕಟ್ಟಿ ಆಡಿಸುವವರು: ಫರ್ಗುಸನ್ ಮ್ಯಾಂಚೆಸ್ಟರ್ ಯುನೈಟೆಡ್‌ನವ, ವೆಂಗರ್ ಆರ್ಸೆನಲ್‌ನವ. ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಅವನನ್ನು ಕೂರಿಸಿ ತೋರಿಸಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಒಬ್ಬೊಬ್ಬ ಮ್ಯಾನೇಜರ್‌ಗೆ ಒಂದೊಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಪುಟದಲ್ಲಿ ಬಂದವರು, ಬಲಗಡೆ ಹೋದವರು. ಹೆಸರು, ವರ್ಷ, ಆಗಿನ ವಯಸ್ಸು, ದುಡ್ಡು, ಯಾವ ಜಾಗದಲ್ಲಿ ಆಡಿಸಿದರು, ಎಷ್ಟು ವರ್ಷ ಉಳಿದ. ಇಷ್ಟು ಸಾಕು.

ದುಡ್ಡನ್ನು ಇವತ್ತಿನ ರೇಟಿಗೆ ಹೋಲಿಸಬೇಡಿ. 1992ರಲ್ಲಿ ಫರ್ಗುಸನ್ ಕಾಂಟೊನಾ ಎಂಬ ಆಟಗಾರನಿಗೆ ಕೊಟ್ಟದ್ದು ಸುಮಾರು 12 ಲಕ್ಷ ಪೌಂಡ್. ಈಗ ಅದು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ವರ್ಷ ಶಿಯರರ್‌ಗೆ ಬ್ಲ್ಯಾಕ್‌ಬರ್ನ್ ಕ್ಲಬ್ 30 ಲಕ್ಷಕ್ಕೂ ಜಾಸ್ತಿ ಕೊಟ್ಟಿತ್ತು. ಆ ವರ್ಷದ ರೇಟಿನ ಪಕ್ಕ ಇಟ್ಟಾಗಲೇ ವ್ಯಾಪಾರ ಅರ್ಥವಾಗುವುದು.

ಇನ್ನು ಮುಖ್ಯ ವಿಷಯ. ಅಂಗಡಿಗೆ ಅಡಿಕೆ ಚೀಲ ಬಂದರೆ ನಾವು ಮೇಲಿನದ್ದನ್ನು ನೋಡಿ ರೇಟು ಹೇಳುವುದಿಲ್ಲ. ತೋಳಿನವರೆಗೆ ಕೈ ಇಳಿಸಿ ತಳದಿಂದ ಒಂದು ಮುಷ್ಟಿ ತೆಗೆಯುತ್ತೇವೆ. ನಾಲ್ಕೈದು ಅಡಿಕೆ ಕತ್ತರಿಸಿ ನೋಡುತ್ತೇವೆ. ಒಳಗೆ ಕಪ್ಪಾಗಿದ್ದರೆ ಆ ಚೀಲದ ಮಾತೇ ಬೇರೆ. ಮ್ಯಾನೇಜರ್‌ನ ಪಟ್ಟಿಯಲ್ಲೂ ತಳಕ್ಕೆ ಕೈ ಹಾಕಿ. ದೊಡ್ಡ ಹೆಸರನ್ನು ದುಡ್ಡಿದ್ದವರು ಯಾರಾದರೂ ಕೊಳ್ಳಬಹುದು. ಅಗ್ಗದಲ್ಲಿ ಬಂದವರು ಏನಾದರು?

ಫರ್ಗುಸನ್ ಚೀಲದ ತಳದಲ್ಲಿ ಸೋಲ್‌ಶರ್ ಸಿಗುತ್ತಾನೆ. 1996ರಲ್ಲಿ ನಾರ್ವೆಯ ಮೋಲ್ಡೆಯಿಂದ ಬಂದ, 15 ಲಕ್ಷ ಪೌಂಡಿಗೆ. 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಗೆಲುವಿನ ಗೋಲು ಅವನದ್ದು. ವೆಂಗರ್ ಚೀಲದ ತಳದಲ್ಲಿ ಕೊಲೊ ಟುರೆ. 2002ರಲ್ಲಿ ಸುಮಾರು ಒಂದೂವರೆ ಲಕ್ಷಕ್ಕೆ ಬಂದ ಹುಡುಗ. ಅವನನ್ನು ಡಿಫೆನ್ಸಿನ ನಡುವಿಗೆ ತಂದು ನಿಲ್ಲಿಸಿದ್ದು ವೆಂಗರ್. 2003-04ರಲ್ಲಿ ಆರ್ಸೆನಲ್ ಲೀಗಿನಲ್ಲಿ ಒಂದೂ ಮ್ಯಾಚ್ ಸೋಲಲಿಲ್ಲ, ಆ ತಂಡದಲ್ಲಿ ಇವನಿದ್ದ. ಜಾಗ ಬದಲಿಸಿದ ವಿಷಯದಲ್ಲಿ ಹೆನ್ರಿಯದ್ದೂ ಇದೇ ಕತೆ. ಇಟಲಿಯ ಯುವೆಂಟಸ್‌ನಲ್ಲಿ ವಿಂಗಿನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಆಡುತ್ತಿದ್ದವನನ್ನು ವೆಂಗರ್ ಗೋಲು ಹೊಡೆಯುವ ಸ್ಟ್ರೈಕರ್ ಮಾಡಿದ. ಜಾಗ ಬದಲಿಸಿ ಬೆಲೆ ಹೆಚ್ಚಿಸುವುದು ಅವನ ದೊಡ್ಡ ಶಕ್ತಿ. ನನಗೆ ಬಹಳ ಇಷ್ಟವಾದ ಗುಣ ಇದು.

ತಪ್ಪಿದ ವ್ಯಾಪಾರವನ್ನೂ ಹೀಗೇ ಕತ್ತರಿಸಿ ನೋಡಿ. ಫರ್ಗುಸನ್ 2001ರಲ್ಲಿ ವೆರಾನ್‌ಗೆ 2 ಕೋಟಿ 80 ಲಕ್ಷ ಪೌಂಡ್ ಕೊಟ್ಟ. ವೆರಾನ್ ಒಳ್ಳೆಯ ಆಟಗಾರನೇ. ಆದರೆ ಅವನು ಆಡುವ ಮೈದಾನದ ನಡುವಿನ ಜಾಗದಲ್ಲಿ ಆಗಲೇ ಕೀನ್, ಸ್ಕೋಲ್ಸ್ ಇದ್ದರು. ಎರಡೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ ಬೆಲೆಗೆ ಚೆಲ್ಸಿಗೆ ಹೋದ. ಅದೇ 2001ರಲ್ಲಿ ಸ್ಟಾಮ್‌ನನ್ನು ಮಾರಿ, ಅವನ ಜಾಗಕ್ಕೆ 35 ವರ್ಷದ ಬ್ಲಾಂಕ್‌ನನ್ನು ತಂದ. ಸ್ಟಾಮ್‌ನನ್ನು ಬಿಟ್ಟದ್ದು ತಪ್ಪು ಎಂದು ಫರ್ಗುಸನ್ ಮುಂದೆ ತಾನೇ ಒಪ್ಪಿಕೊಂಡ. ಒಂದೇ ಬೇಸಿಗೆಯಲ್ಲಿ ಎರಡು ಏಟು. ಬಲಗಡೆ ಪುಟ ಬರೆಯದೆ ಇದ್ದರೆ ಎರಡನೆಯದ್ದು ಕಾಣುವುದೇ ಇಲ್ಲ.

ಆರಿಸಿದ್ದು ಯಾರು ಎಂದೂ ಕೇಳಿ. ಈಗ ಹೆಚ್ಚಿನ ಕ್ಲಬ್ಬುಗಳಲ್ಲಿ ಆಟಗಾರರನ್ನು ಕೊಳ್ಳುವ ಕೆಲಸ ನೋಡಿಕೊಳ್ಳಲು ಸ್ಪೋರ್ಟಿಂಗ್ ಡೈರೆಕ್ಟರ್ ಇರುತ್ತಾರೆ. 2017ರಲ್ಲಿ ಲಿವರ್‌ಪೂಲ್ ಮ್ಯಾನೇಜರ್ ಆಗಿದ್ದ ಕ್ಲಾಪ್‌ನ ಮನಸ್ಸು ಬ್ರಾಂಟ್ ಎಂಬ ಆಟಗಾರನ ಮೇಲಿತ್ತು, ಸಲಾ ಬೇಕೆಂದು ಪಟ್ಟು ಹಿಡಿದದ್ದು ಆ ಕ್ಲಬ್ಬಿನ ಸ್ಪೋರ್ಟಿಂಗ್ ಡೈರೆಕ್ಟರ್ ಮೈಕಲ್ ಎಡ್ವರ್ಡ್ಸ್ ಮತ್ತವರ ತಂಡ ಎಂದು ವರದಿಗಳು ಹೇಳುತ್ತವೆ. ಹಾಗಾದರೆ ಕ್ಲಾಪ್‌ಗೆ ಅಂಕ ಇಲ್ವಾ? ಉಂಟು. ಬೇರೆಯವರ ಮಾತು ಕೇಳುವುದೂ ಶಕ್ತಿಯೇ. ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಸುಮ್ನೆ ಎಲ್ಲವನ್ನೂ ಮ್ಯಾನೇಜರ್ ಹೆಸರಿಗೆ ಹಾಕಬೇಡಿ.

ಹುಡುಗನ ಪ್ರಶ್ನೆಗೆ ಕೊನೆಗೆ ಸಿಕ್ಕಿದ್ದು ಎರಡೂ ಪುಸ್ತಕದಲ್ಲಿ ಇರುವ ಒಂದು ಸಾಲು: ವಾನ್ ಪರ್ಸಿ, 2012, 29 ವರ್ಷ, ಸುಮಾರು 2 ಕೋಟಿ 40 ಲಕ್ಷ. ವೆಂಗರ್‌ಗೆ ಅದು ಬಲಗಡೆ ಪುಟ. 2004ರಲ್ಲಿ 30 ಲಕ್ಷದ ಒಳಗೆ ತಂದದ್ದು, ದೊಡ್ಡ ಲಾಭ. ಆದರೆ ಒಪ್ಪಂದ ಮುಗಿಯಲು ಒಂದೇ ವರ್ಷ ಬಾಕಿ ಇದ್ದಾಗ ಎದುರಾಳಿಗೇ ಮಾರಬೇಕಾಯಿತು. ಫರ್ಗುಸನ್‌ಗೆ ಎಡಗಡೆ ಪುಟ. ಆ ಸೀಸನ್ನಿನಲ್ಲಿ ಲೀಗಿನಲ್ಲಿ 26 ಗೋಲು, ಲೀಗ್ ಪ್ರಶಸ್ತಿ ಯುನೈಟೆಡ್‌ಗೆ. ಹುಡುಗ ಎರಡೂ ಪುಟ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದ. ಆಮೇಲೆ ಪೆನ್ನು ಕೇಳಿದ, ಮೂರನೆಯ ಮ್ಯಾನೇಜರ್‌ನ ಪುಟ ಶುರು ಮಾಡಲು.