ಚೊಗರು ಸುಟ್ಟು ಜಿಂಕ್ ಆಕ್ಸೈಡ್ ಮಾಡಿದ ನನ್ನ ಅನುಭವ

ತೀರ್ಥಹಳ್ಳಿ ಕಡೆ ಅಡಿಕೆ ಬೇಯಿಸುವ ಮನೆಗಳಲ್ಲಿ ಚೊಗರಿಗೆ, ಅಂದರೆ ಅಡಿಕೆ ಬೇಯಿಸಿದ ನೀರು ಬತ್ತಿ ಉಳಿಯುವ ರಸಕ್ಕೆ, ಬರವಿಲ್ಲ. ಕೊಯ್ಲಿನ ಹೊತ್ತಿಗೆ ಊರಿಗೆ ಹೋದವನು ಹಂಡೆಯಲ್ಲಿ ಉಳಿದಿದ್ದ ಗಟ್ಟಿ ಕೆಂಪು ಚೊಗರನ್ನು ಒಂದು ಬಾಟಲಿ ತುಂಬಿಸಿಕೊಂಡು ಶಿವಮೊಗ್ಗದ ಲ್ಯಾಬಿಗೆ ತಂದೆ. "ಅದನ್ನ ತಗೊಂಡು ಏನ್ ಮಾಡ್ತೀಯ ಮಾರಾಯ?" ಅಂದರು ಅಮ್ಮ. ಸುಡ್ತೀನಿ ಅಂದೆ.

ವಿಧಾನವೇ ಸುಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು 1980ರ ದಶಕದಲ್ಲಿ ಬೆಳೆಸಿದ ಸೊಲ್ಯೂಷನ್ ಕಂಬಶ್ಚನ್. ಜಿಂಕ್ ನೈಟ್ರೇಟ್ ಜೊತೆ ಇಂಧನವಾಗಿ ಯೂರಿಯಾನೋ ಗ್ಲೈಸಿನ್ನೋ ಬೆರೆಸಿ ಬಿಸಿ ಫರ್ನೇಸಿಗೆ ಇಡುತ್ತಾರೆ. ನೀರು ಆರುತ್ತದೆ, ನೊರೆ ಏಳುತ್ತದೆ, ತಾನೇ ಹೊತ್ತಿಕೊಂಡು ಹಗುರ ಪುಡಿ ಉಳಿಯುತ್ತದೆ. ಆಗ ಏಳುವ ಕೆಂಪು ಹೊಗೆ ವಿಷ, ಆದ್ದರಿಂದ ಹೊಗೆ ಹೊರಗೆಳೆಯುವ ಗೂಡು, ಫ್ಯೂಮ್ ಹುಡ್, ಬೇಕೇ ಬೇಕು. ನಾನು ಯೂರಿಯಾ ಬದಲು ಚೊಗರು ಹಾಕಿದೆ.

ಪುಡಿ ಬೂದು ಬಣ್ಣಕ್ಕೆ ಬಂತು. ಜಿಂಕ್ ಆಕ್ಸೈಡ್ ಯುವಿ (ನೇರಳಾತೀತ) ಬೆಳಕಿನಲ್ಲಿ ಬಣ್ಣಗಳನ್ನು ಒಡೆಯುತ್ತದೆ, ಅದನ್ನೇ ಪರೀಕ್ಷಿಸಬೇಕಿತ್ತು. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಲೀಟರಿಗೆ 10 ಮಿಲಿಗ್ರಾಂ (10 ಪಿಪಿಎಂ) ಇದ್ದ ನೀರಿಗೆ ಪುಡಿ ಹಾಕಿ ಯುವಿ ದೀಪದ ಕೆಳಗೆ ಇಟ್ಟರೆ ನೀಲಿ ಬೇಗ ಹೋಯಿತು. ಎಷ್ಟು ಖುಷಿಯಾಯಿತು ಅಂದರೆ ಅವತ್ತೇ ಗೈಡ್‌ಗೆ ಗ್ರಾಫ್ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಕತ್ತಲಲ್ಲಿ ಇಟ್ಟು ನೋಡಿದ್ಯಾ?"

ನೋಡಿರಲಿಲ್ಲ. ಕತ್ತಲಲ್ಲಿ 30 ನಿಮಿಷ ಕಲಕಿ, ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸಿ ಪುಡಿಯನ್ನು ತಳಕ್ಕಿಳಿಸಿ, ಈ ನೀಲಿ ಹೆಚ್ಚು ಹೀರುವ 664 ನ್ಯಾನೋಮೀಟರಿನ ಬೆಳಕಿನಲ್ಲಿ ಅಳೆದರೆ ಬಣ್ಣದ ಬಹುಪಾಲು ಬೆಳಕೇ ಇಲ್ಲದೆ ಹೋಗಿತ್ತು. ಟ್ಯೂಬಿನ ತಳದ ಪುಡಿಗೆ ಎಥನಾಲ್ ಹಾಕಿ ಅಲ್ಲಾಡಿಸಿದೆ, ನೀಲಿ ವಾಪಸ್ ಬಂತು. ಬಣ್ಣ ಒಡೆದಿರಲಿಲ್ಲ, ಸುಮ್ನೆ ಪುಡಿಗೆ ಅಂಟಿಕೊಂಡಿತ್ತು.

ತೂಕ ಮೊದಲೇ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ ಅಷ್ಟೇ. 2.97 ಗ್ರಾಂ ಜಿಂಕ್ ನೈಟ್ರೇಟಿನಿಂದ (ನೀರು ಸೇರಿದ ಹರಳು, ಹೆಕ್ಸಾಹೈಡ್ರೇಟ್) ಹೆಚ್ಚೆಂದರೆ 0.81 ಗ್ರಾಂ ಜಿಂಕ್ ಆಕ್ಸೈಡ್ ಸಿಗಬೇಕು, ನನಗೆ ಸಿಕ್ಕಿದ್ದು 1.1 ಗ್ರಾಂ. ಜಾಸ್ತಿ ಬಂದದ್ದರಲ್ಲಿ ಹೆಚ್ಚಿನದು ಚೊಗರು ಪೂರ್ತಿ ಸುಡದೆ ಉಳಿದ ಇದ್ದಿಲು. ಇದ್ದಿಲು ಬಣ್ಣ ಹೀರುವುದು ಹೊಸ ಸುದ್ದಿಯೇನಲ್ಲ ಅಲ್ವಾ?

ಆಮೇಲೆ 500 ಡಿಗ್ರಿಯಲ್ಲಿ ಗಾಳಿಯಾಡುವಂತೆ ಎರಡು ಗಂಟೆ ಕಾಯಿಸಿದೆ. ಬಿಸಿಯಿದ್ದಾಗ ಹಳದಿ, ಆರಿದ ಮೇಲೆ ಬಿಳಿ. ಜಿಂಕ್ ಆಕ್ಸೈಡ್ ಗುಣವೇ ಹಾಗೆ, ನೋಡಲು ತುಂಬ ಚೆಂದ. ಈಗ ಕತ್ತಲಲ್ಲಿ ಬಣ್ಣ ಹೆಚ್ಚೇನೂ ಇಳಿಯಲಿಲ್ಲ, ಯುವಿಯಲ್ಲಿ ನಿಧಾನವಾಗಿ ಇಳಿಯಿತು. ಪುಡಿ ಹಾಕದೆ ಬರೀ ಬೆಳಕಿಗೆ ಇಟ್ಟ ನೀಲಿಯನ್ನೂ ಅಳೆದೆ, ಮೆಥಿಲೀನ್ ಬ್ಲೂ ತಾನಾಗಿಯೂ ಸ್ವಲ್ಪ ಮಾಸುತ್ತದೆ. ಎರಡನ್ನೂ ಕಳೆದು ಉಳಿದದ್ದು ಮೊದಲಿನ ಗ್ರಾಫಿಗಿಂತ ಎಷ್ಟೋ ಕಡಿಮೆ. ಆದರೆ ಅದು ನಿಜ.

ಇಲ್ಲಿಯವರಿಗೆ ಇನ್ನೊಂದು ಮಾತು. ಆಷಾಢದ ಮಳೆಯಲ್ಲಿ ಜಿಂಕ್ ನೈಟ್ರೇಟ್ ತೂಗುವಾಗಲೇ ಗಾಳಿಯ ತೇವ ಹೀರಿ ನೀರೊಡೆಯುತ್ತದೆ, ಬಾಟಲಿಯನ್ನು ಡೆಸಿಕೇಟರಿನಿಂದ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ತೆಗೆದ ಕೂಡಲೇ ತೂಗಿ. ಚೊಗರೂ ಅಷ್ಟೇ, ಮನೆಯಿಂದ ಮನೆಗೆ, ಬೇಯಿಸಿದ ಸಲದಿಂದ ಸಲಕ್ಕೆ ಬೇರೆ. ಈ ವರ್ಷ ಎರಡು ಮನೆಯದ್ದು ತಂದು ಒಣಗಿಸಿ, ಪುಡಿ ಮಾಡಿ, ತೂಗಿ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ.