ಎದುರಾಳಿಯ ಮಾತನ್ನು ಮೊದಲು ನೀವೇ ಹೇಳಿ

ಕನ್ನಡದ ಬರವಣಿಗೆಗೆ ಮಹಾಪ್ರಾಣಗಳು ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಫೇಸ್‌ಬುಕ್ಕಿನಲ್ಲೋ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಒಮ್ಮೆಯಾದರೂ ಎತ್ತಿದವರಿಗೆ ಮುಂದೇನಾಗುತ್ತದೆಂದು ವಿವರಿಸಬೇಕಾಗಿಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಮುಂದಿಟ್ಟ ಹೊಸಬರಹದ ಸಲಹೆ ಲಿಪಿಗೂ ಉಚ್ಚಾರಣೆಗೂ ಇರುವ ನಂಟನ್ನು ಕುರಿತದ್ದು. ಖ, ಘ ಮೊದಲಾದ 10 ಮಹಾಪ್ರಾಣಗಳನ್ನೂ ಋ, ಷಗಳಂತಹ ಅಕ್ಷರಗಳನ್ನೂ ಬಿಟ್ಟು ಕನ್ನಡವನ್ನು ಬರೆಯಬಹುದೆಂಬುದು ಅದರ ತಿರುಳು. ಆದರೆ ಹತ್ತಿಪ್ಪತ್ತು ಪ್ರತಿಕ್ರಿಯೆಗಳಾಗುವಷ್ಟರಲ್ಲಿ ಮಾತು ಅಕ್ಷರವನ್ನು ಬಿಟ್ಟು, ಬರೆದವರ ಜಾತಿ, ಊರು, ಓದು, ಅವರ ಮಕ್ಕಳು ಹೋಗುವ ಶಾಲೆ ಇವುಗಳ ಮೇಲೆ ಹೊರಳಿರುತ್ತದೆ. ಈ ಜಗಳವನ್ನೇ ಉದಾಹರಣೆಯಾಗಿಟ್ಟುಕೊಂಡು, ಜಾಲತಾಣದಲ್ಲಿ ಒಬ್ಬರನ್ನು ಒಪ್ಪದೆಯೂ ಅವರೊಡನೆ ಮಾತನಾಡುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ನಾನು ಮಹಾಪ್ರಾಣಗಳನ್ನು ಬಳಸಿಯೇ ಬರೆಯುವವನು. ನಿಮ್ಮ ಒಲವು ಯಾವ ಕಡೆಗಿದೆಯೆಂದು ಹೀಗೆ ಆರಂಭದಲ್ಲೇ ತಿಳಿಸಿಬಿಡುವುದೂ ಒಳ್ಳೆಯ ಅಭ್ಯಾಸ. ಆಮೇಲೆ ಯಾರೂ ಅದನ್ನು ಕೆದಕಿ ತೆಗೆಯಬೇಕಾಗುವುದಿಲ್ಲ.

ಪ್ರತಿಕ್ರಿಯೆ ಬರೆಯುವ ಮುನ್ನ ಯಾವ ಬಗೆಯ ಮಾತಿಗೆ ಇಳಿಯುತ್ತಿದ್ದೀರೆಂದು ನಿಶ್ಚಯಿಸಿಕೊಳ್ಳಿ. ನ್ಯಾಯಶಾಸ್ತ್ರವು, ಎಂದರೆ ನಮ್ಮ ಪ್ರಾಚೀನ ತರ್ಕಶಾಸ್ತ್ರವು, ಇದನ್ನು 3 ಬಗೆಯಾಗಿ ವಿಂಗಡಿಸುತ್ತದೆ: ನಿಜವನ್ನು ತಿಳಿಯಲೆಂದು ನಡೆಸುವುದು ವಾದ, ಗೆಲ್ಲಲೆಂದು ನಡೆಸುವುದು ಜಲ್ಪ, ತನ್ನದೆಂಬ ನಿಲುವನ್ನೇ ಮುಂದಿಡದೆ ಎದುರಿನವರದನ್ನು ಕೆಡವುತ್ತ ಹೋಗುವುದು ವಿತಂಡ. ಈ ಕೊನೆಯದರ ಹೆಸರು ‘ವಿತಂಡವಾದ’ ಎಂಬ ರೂಪದಲ್ಲಿ ನಮ್ಮ ಆಡುಮಾತಿನಲ್ಲಿ ಇಂದಿಗೂ ಬೈಗುಳದಂತೆ ಉಳಿದುಕೊಂಡಿದೆ. ನಿಮಗೆ ಬೇಕಾಗಿರುವುದು ಜಲ್ಪವೆಂದು ಮನಸ್ಸಿಗೆ ಹೊಳೆದರೆ ಆ ಸಂಜೆಯ ಮಟ್ಟಿಗೆ ಫೋನನ್ನು ಕೆಳಗಿಡುವುದು ವಾಸಿ.

ವಾದಕ್ಕೇ ಇಳಿಯುವುದಾದರೆ, ನಿಮ್ಮ ಉತ್ತರದ ಮೊದಲ ಎರಡು ಮೂರು ವಾಕ್ಯಗಳನ್ನು ಪೂರ್ವಪಕ್ಷಕ್ಕೆ, ಎಂದರೆ ಎದುರಿನವರ ನಿಲುವನ್ನು ನಿಮ್ಮ ಮಾತಿನಲ್ಲಿ ಹೇಳುವುದಕ್ಕೆ, ಮೀಸಲಿಡಿ. ಅದನ್ನು ಓದಿದವರು ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನುವಂತಿರಬೇಕು. ‘ನಿಮಗೆ ಸಂಸ್ಕೃತವನ್ನು ಕಂಡರಾಗದು’ ಎಂಬುದು ಹೊಸಬರಹದವರ ಪೂರ್ವಪಕ್ಷವಲ್ಲ, ಅವರ ಮೇಲಿನ ಆರೋಪ. ‘ಹೆಚ್ಚಿನ ಕನ್ನಡಿಗರು ದಿನನಿತ್ಯದ ಮಾತಿನಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೇರೆಬೇರೆಯಾಗಿ ಉಚ್ಚರಿಸುವುದಿಲ್ಲ, ನಾಲಿಗೆಯಲ್ಲಿ ಇಲ್ಲದ ಭೇದವನ್ನು ಬರೆಯುವಾಗ ಮಾತ್ರ ನೆನಪಿಟ್ಟುಕೊಳ್ಳಬೇಕಾದ್ದರಿಂದ ಮಕ್ಕಳಿಗೆ ಹೊರೆಯಾಗುತ್ತದೆ, ಹಿಂದೆ ಱ, ೞ ಅಕ್ಷರಗಳನ್ನು ಬಿಟ್ಟಾಗಲೂ ಕನ್ನಡ ಬಡವಾಗಲಿಲ್ಲ ಎಂಬುದು ನಿಮ್ಮ ಅಭಿಪ್ರಾಯವೆಂದು ತಿಳಿದಿದ್ದೇನೆ, ಸರಿಯೇ?’ ಎಂದು ಬರೆದರೆ ಅದು ಪೂರ್ವಪಕ್ಷ. ಆ ಕಡೆಯವರೂ ಅಷ್ಟೇ: ‘ನಿಮಗೆ ಬದಲಾವಣೆಯೆಂದರೆ ಭಯ’ ಎನ್ನುವ ಬದಲು, ‘ಇದುವರೆಗೆ ಅಚ್ಚಾದ ಪುಸ್ತಕಗಳೂ ನಿಘಂಟುಗಳೂ ಮುಂದಿನ ಪೀಳಿಗೆಗೆ ದೂರವಾಗುತ್ತವೆ, ಮೇಲಾಗಿ ಱ, ೞ ಬಳಕೆಯಲ್ಲಿ ತಾವಾಗಿಯೇ ಸವೆದುಹೋದವೇ ಹೊರತು ಯಾರೂ ಕುಳಿತು ತೀರ್ಮಾನಿಸಿ ತೆಗೆದದ್ದಲ್ಲ ಎನ್ನುತ್ತೀರಿ’ ಎಂದು ಬರೆಯಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಜಗಳವಿರುವುದು ೞಕಾರದ ಚರಿತ್ರೆಯಿಂದ ಏನನ್ನು ಕಲಿಯಬೇಕೆಂಬ ಒಂದು ಸಣ್ಣ, ಸ್ವಾರಸ್ಯಕರವಾದ ಜಾಗದಲ್ಲಿ ಎಂಬುದು ಕಾಣುತ್ತದೆ. ಅಲ್ಲಿಗೆ ತಲುಪುವ ಮೊದಲೇ ನಾವು ಬೈದಾಡಿಕೊಂಡು ಮುಗಿಸಿರುತ್ತೇವೆ.

ಇದು ಬರಿಯ ಸೌಜನ್ಯದ ಮಾತಲ್ಲ. ನ್ಯಾಯಶಾಸ್ತ್ರ ಪಟ್ಟಿಮಾಡುವ 22 ನಿಗ್ರಹಸ್ಥಾನಗಳಲ್ಲಿ, ಅಂದರೆ ಸೋಲಿನ ನೆಲೆಗಳಲ್ಲಿ, ಅನನುಭಾಷಣವೂ ಒಂದು: ಎದುರಿನವರು 3 ಸಲ ಹೇಳಿದ, ಸಭೆಗೆ ಅರ್ಥವಾದ ಮಾತನ್ನು ತಿರುಗಿ ಹೇಳಲಾರದೆ ಹೋದರೆ ನೀವು ಸೋತಂತೆ. ಅದೇ ಪಟ್ಟಿಯಲ್ಲಿರುವ ಮತಾನುಜ್ಞೆಯನ್ನಂತೂ ನಾವು ದಿನಾ ನೋಡುತ್ತೇವೆ. ‘ನಿಮ್ಮ ಬರಹದಲ್ಲಿ ಕಾಗುಣಿತದ ತಪ್ಪುಗಳಿವೆ’ ಎಂದರೆ ‘ನಿಮ್ಮದರಲ್ಲೇನು ಕಡಿಮೆಯೇ?’ ಎಂದು ಕೇಳುವುದೇ ಅದು. ಹಾಗೆ ಕೇಳಿದವರು ತಮ್ಮ ತಪ್ಪನ್ನು ಒಪ್ಪಿಕೊಂಡಂತಾಯಿತೆಂದು ಶಾಸ್ತ್ರ ಲೆಕ್ಕ ಹಿಡಿಯುತ್ತದೆ. ಮೂಗಿನ ತುದಿಗೆ ಸಿಟ್ಟು ಬಂದಾಗ ಇದನ್ನು ನೆನಪಿಟ್ಟುಕೊಳ್ಳುವುದು ಕಷ್ಟ, ನನಗೂ ಕಷ್ಟ.

ಪದಗಳನ್ನು ತಿರುಚುವ ಆಸೆಯನ್ನು ತಡೆದುಕೊಳ್ಳಿ. ಶಾಸ್ತ್ರದಲ್ಲಿ ಇದಕ್ಕೆ ಛಲವೆಂದು ಹೆಸರು. ಕನ್ನಡದಲ್ಲಿ ನಾವು ಹಟವೆಂಬ ಅರ್ಥದಲ್ಲಿ ಬಳಸುವ ಛಲ ಇದಲ್ಲ. ಒಬ್ಬನು ‘ನವಕಂಬಲ’ ಹೊದ್ದಿದ್ದಾನೆ ಎಂದರೆ ಹೊಸ ಕಂಬಳಿ ಎಂದು ತಿಳಿಯಬೇಕಾದ ಕಡೆ, ‘ಎಲ್ಲಿವೆ ಒಂಬತ್ತು ಕಂಬಳಿ?’ ಎಂದು ಕೇಳುವುದು ಅದರ ಹಳೆಯ ಉದಾಹರಣೆ. ‘ಮಹಾಪ್ರಾಣ ಕನ್ನಡದ್ದಲ್ಲ’ ಎಂದು ಒಬ್ಬರು ಬರೆದಾಗ, ಅಚ್ಚಗನ್ನಡ ಪದಗಳ ಉಚ್ಚಾರಣೆಯ ಕುರಿತು ಹೇಳುತ್ತಿದ್ದಾರೆಂದು ಗೊತ್ತಿದ್ದೂ ‘ನಿಮ್ಮ ಹೆಸರಿನಲ್ಲೇ ಭಕಾರವಿದೆಯಲ್ಲ!’ ಎಂದು ನಗುವುದು ಇಂದಿನ ಒಂಬತ್ತು ಕಂಬಳಿ. ಲೈಕುಗಳು ಬೀಳುತ್ತವೆ, ನಿಜ. ಮಾತು ಅಲ್ಲಿಗೇ ನಿಲ್ಲುತ್ತದೆ. ಅರ್ಥ ಎರಡು ಬಗೆಯಾಗಿ ಕಂಡರೆ, ಯಾವುದನ್ನು ಉದ್ದೇಶಿಸಿದಿರಿ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ.

ಇನ್ನು ಮರ್ಯಾದೆಯ ಮಾತುಗಳು. ಕನ್ನಡದಲ್ಲಿ ಜಗಳ ಹದಗೆಟ್ಟಿದೆಯೆಂದು ತಿಳಿಯಲು ಬೈಗುಳದವರೆಗೆ ಕಾಯಬೇಕಾಗಿಲ್ಲ. ‘ನೀವು’ ಹೋಗಿ ‘ನೀನು’ ಬಂದಾಗಲೇ ತಿಳಿಯುತ್ತದೆ. ಎದುರಿನವರು ಏಕವಚನಕ್ಕೆ ಇಳಿದರೂ ನೀವು ಇಳಿಯಬೇಡಿ. ಆದರೆ ಅದಕ್ಕಿಂತ ಮೋಸದ್ದು ಬಹುವಚನದ ಚುಚ್ಚುಮಾತು: ‘ಮಹಾನುಭಾವರೇ’, ‘ತಾವು ಬಲ್ಲವರು’, ‘ಸ್ವಲ್ಪ ಓದಿಕೊಂಡು ಬನ್ನಿ ಸ್ವಾಮಿ’. ವ್ಯಾಕರಣದ ಪ್ರಕಾರ ಇವೆಲ್ಲ ಗೌರವದ ರೂಪಗಳೇ ಆಗಿರುವುದರಿಂದ ಅಡ್ಮಿನ್‌ಗಳ ಕಣ್ಣಿಗೂ ಬೀಳುವುದಿಲ್ಲ, ಆದರೆ ಬೈಗುಳಕ್ಕಿಂತ ಆಳಕ್ಕೆ ನಾಟುತ್ತವೆ. ಇವನ್ನು ಅಳಿಸಿ ಹೆಸರಿನ ಮುಂದೆ ‘ಅವರೇ’ ಎಂದಷ್ಟೇ ಬರೆದರೆ ಸಾಕು. ಪ್ರಾಂತಭೇದವನ್ನೂ ಗಮನದಲ್ಲಿಡಿ: ಧಾರವಾಡದ ಕಡೆ ಆದರದಿಂದ ಸೇರಿಸುವ ‘ರೀ’ ಬೆಂಗಳೂರಿನ ಕಿವಿಗೆ ಗದರಿದಂತೆ ಕೇಳಿಸಬಹುದು, ಮೈಸೂರಿನ ಸುತ್ತುಬಳಸಿನ ಸೌಜನ್ಯ ಉತ್ತರದವರಿಗೆ ನಾಟಕವೆನಿಸಬಹುದು. ಬರಹದಲ್ಲಿ ದನಿ ಕೇಳಿಸುವುದಿಲ್ಲವಾದ್ದರಿಂದ ಈ ಅನುಮಾನದ ಲಾಭವನ್ನು ಎದುರಿನವರಿಗೇ ಕೊಡಬೇಕು.

ತಪ್ಪಾಗಿ ಬರೆದಿದ್ದರೆ ಗುಟ್ಟಾಗಿ ಬದಲಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು. ಕಾಗುಣಿತವನ್ನು ತಿದ್ದಲು ಅದನ್ನು ಬಳಸಿ, ಯಾರೋ ಆಗಲೇ ಉತ್ತರಿಸಿದ ವಾದವನ್ನು ಮಾರ್ಪಡಿಸಲು ಅಲ್ಲ. ವಾದವೇ ಬದಲಾದರೆ ಬೇರೆ ಸಂದೇಶ ಬರೆಯಿರಿ.

ಜಾತಿ, ಮನೆ, ಮೈಬಣ್ಣಗಳಿಗೆ ಮಾತು ತಿರುಗಿದರೆ ಉತ್ತರಿಸದೆ ಅಡ್ಮಿನ್‌ಗೆ ತಿಳಿಸಿ, ಅಷ್ಟು ಸಾಕು.

ನಿಲ್ಲಿಸುವುದು ಯಾವಾಗ ಎಂಬುದಕ್ಕೂ ಆ 22ರ ಪಟ್ಟಿಯಲ್ಲಿ ಸುಳಿವಿದೆ: ಪುನರುಕ್ತವೂ ಸೋಲಿನ ನೆಲೆಯೇ. ನೀವು ಹಿಂದೆ ಬರೆದದ್ದನ್ನೇ ಇನ್ನಷ್ಟು ಗಟ್ಟಿಯಾಗಿ ಬರೆಯುತ್ತಿದ್ದೀರೆಂದು ಕಂಡರೆ, ಎಲ್ಲಿ ಒಪ್ಪಿದಿರಿ, ಎಲ್ಲಿ ಒಪ್ಪಲಿಲ್ಲ ಎಂಬುದನ್ನು ದಾಖಲಿಸಿ ಹೊರಡಿ. ನಾನು ಸಾಮಾನ್ಯವಾಗಿ ಹೀಗೆ ಬರೆಯುತ್ತೇನೆ: ‘ಮಕ್ಕಳ ಹೊರೆಯ ಕುರಿತು ನೀವು ಹೇಳಿದ್ದನ್ನು ಒಪ್ಪುತ್ತೇನೆ, ಅದನ್ನು ನಾನು ಹಗುರವಾಗಿ ನೋಡಿದ್ದೆ. ಹಳೆಯ ಪುಸ್ತಕಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಕೊನೆಯ ಮಾತು ನಿಮ್ಮದಾಗಲಿ.’ ಆಮೇಲೆ ಗುಂಪನ್ನು ಎಂಟು ಗಂಟೆ ಮ್ಯೂಟ್ ಮಾಡುತ್ತೇನೆ, ಏಕೆಂದರೆ ಆ ಕೊನೆಯ ಮಾತನ್ನು ಓದಿ ಸುಮ್ಮನಿರುವಷ್ಟು ಸಂಯಮ ನನಗಿನ್ನೂ ಬಂದಿಲ್ಲ.